ಜೂನಲ್ಲಿ ವಿಯೆಟ್ನಾಂಗೆ ಪಾಠ ಹೇಳೋಕೆ ಹೋಗ್ತಿದೀನಿ, ಅಲ್ಲೀತನಕ ಮನೇಲಿ ಏನು ಮಾಡ್ಲಿ?

ತೀರ್ಥಹಳ್ಳಿ ಹುಡುಗಿ:
ಎಲ್ರಿಗೂ ನಮಸ್ಕಾರ. ಡಿಗ್ರಿ ಎರಡನೇ ವರ್ಷ ಮುಗೀತು. ಹನೋಯ್‌ನಲ್ಲಿ ಮಕ್ಕಳಿಗೆ ಬೇಸಿಗೆ ರಜೆ ಇರೋ ಟೈಮಲ್ಲಿ ಇಂಗ್ಲಿಷ್ ಕ್ಲಾಸ್ ನಡೆಸ್ತಾರೆ, ಅದಕ್ಕೆ ವಾಲಂಟಿಯರ್ ಆಗಿ ಸೆಲೆಕ್ಟ್ ಆಗಿದೀನಿ. ಪರೀಕ್ಷೆ ಮುಗ್ಸಿ ಊರಿಗೆ ಬಂದಿದೀನಿ, ಹೊರಡೋಕೆ ಇನ್ನೂ ಕೆಲವು ವಾರ ಇದೆ. ಪಾಠ ಮಾಡಿ ಅಭ್ಯಾಸ ಇಲ್ಲ. ಅಮ್ಮಂಗೆ ಒಳಗೊಳಗೇ ಭಯ, ಅಜ್ಜಿಗಂತೂ ನಾನು ಹೋಗೋದೇ ಇಷ್ಟ ಇಲ್ಲ. ಈ ದಿನಗಳನ್ನ ಹೆಂಗೆ ಬಳಸ್ಕೊಳ್ಲಿ, ಹೋಗಿಬಂದೋರು ದಯವಿಟ್ಟು ಹೇಳಿ.

ಮೈಸೂರಿನ ಅಕ್ಕ:
ನೋಡು ಪುಟ್ಟಿ, ಬ್ಯಾಗು ಬಟ್ಟೆ ಎಲ್ಲಾ ಕೊನೇ ವಾರದಲ್ಲಿ ಆಗುತ್ತೆ, ಈಗಿಂದ್ಲೇ ಅದ್ರಲ್ಲೇ ಮುಳುಗ್ಬೇಡ. ಮೇ ತಿಂಗ್ಳು, ನಿಮ್ಮನೇಗೂ ಅಕ್ಕಪಕ್ಕದ ಮನೇಗೂ ರಜೆಗೆ ಅಂತ ಮಕ್ಳು ಬಂದೇ ಬಂದಿರ್ತಾರೆ, ಅವ್ರನ್ನ ಸಾಯಂಕಾಲ ಜಗಲಿ ಮೇಲೆ ಕೂರಿಸ್ಕೊಂಡು ಕಲಿಸೋಕೆ ಶುರು ಮಾಡು, ಆದ್ರೆ ಒಂದೇ ಷರತ್ತು, ಬಾಯಲ್ಲಿ ಒಂದು ಮಾತೂ ಕನ್ನಡ ಬರ್ಬಾರ್ದು. ಯಾಕಂದ್ರೆ ಹನೋಯ್‌ನ ಚಿಕ್ಕ ಮಕ್ಳಿಗೆ ನಿನ್ನ ಇಂಗ್ಲಿಷೂ ಅರ್ಥ ಆಗಲ್ಲ, ಅವ್ರ ಭಾಷೆ ನಿಂಗೆ ಬರಲ್ಲ, ಕೈ, ಮುಖ, ಚಿತ್ರ ಇಷ್ಟರಲ್ಲೇ ಎಲ್ಲಾ ನಡೀಬೇಕು. 'ನಿನ್ನೆ' ಅನ್ನೋದನ್ನ ಮಾತಿಲ್ದೆ ತೋರ್ಸಿ ನೋಡು, ಆಗ ಗೊತ್ತಾಗುತ್ತೆ ಎಷ್ಟು ತಯಾರಿ ಬೇಕು ಅಂತ. ನಾನು ಗೋಡೆ ಕ್ಯಾಲೆಂಡರ್ ಮುಂದೆ ನಿಂತು ತಾರೀಕಿನ ಮೇಲೆ ಬೆರಳಿಟ್ಟು ಹಿಂದಕ್ಕೆ ಜಾರಿಸ್ತಿದ್ದೆ, ನಮ್ಮ ಚಿಕ್ಕಮ್ಮನ ಮಗ ಥಟ್ ಅಂತ ಹಿಡ್ದ, ಅಲ್ಲೂ ಅದೇ ಕೆಲ್ಸಕ್ಕೆ ಬಂತು.

ಇನ್ನೊಂದು, ಉಚ್ಚಾರಣೆ. ವಿಯೆಟ್ನಾಂ ಮಕ್ಳು ಪದದ ಕೊನೇ ಸದ್ದು ನುಂಗಿಬಿಡ್ತಾರೆ. ನೈಸ್, ನೈನ್, ನೈಟ್ ಮೂರೂ ಅವ್ರ ಬಾಯಲ್ಲಿ ಹತ್ತತ್ರ ಒಂದೇ ಥರ 'ನೈ' ಅಂತ ಕೇಳುತ್ತೆ. ನಾವು ಅದಕ್ಕೆ ಉಲ್ಟಾ, ಬಸ್ಸು, ಬುಕ್ಕು, ಕಾರು ಅಂತ ಕೊನೇಲಿ ಉಕಾರ ಸೇರಿಸ್ತೀವಿ. ನೀನು ಹೇಳಿದ್ದನ್ನೇ ಅವ್ರು ಹೇಳೋದು, ಹಂಗಾಗಿ ದಿನಾ ಸ್ವಲ್ಪ ಹೊತ್ತು ಜೋರಾಗಿ ಓದಿ ಮೊಬೈಲಲ್ಲಿ ರೆಕಾರ್ಡ್ ಮಾಡ್ಕೊಂಡು ಕೇಳು, ಬರೀ ಕೊನೇ ಸದ್ದಿನ ಮೇಲೆ ಗಮನ ಇಡು.

ಫ್ಲ್ಯಾಶ್ ಕಾರ್ಡ್ ದುಡ್ಡು ಕೊಟ್ಟು ತಗೋಬೇಡ. ನಿಮ್ಮನೆ ಫೋಟೋಗಳ್ನ ಪ್ರಿಂಟ್ ಹಾಕ್ಸು. ಅಡಿಕೆ ತೋಟ, ಕೊಟ್ಟಿಗೆ, ಅಜ್ಜಿ ಕವಳ ಹಾಕೋದು. ಅಲ್ಲೂ ಮದುವೆ ಶಾಸ್ತ್ರಕ್ಕೆ ವೀಳ್ಯದೆಲೆ ಅಡಿಕೆ ಇಡ್ತಾರೆ, ಹಳ್ಳಿ ಅಜ್ಜಿಯರು ಎಲೆಅಡಿಕೆ ಹಾಕ್ತಾರೆ. ಅಡಿಕೆ ಗೊನೆ ಫೋಟೋ ನೋಡಿದ್ರೆ ಮಕ್ಳಿಗೆ ಮಾತಾಡೋಕೆ ಏನಾದ್ರೂ ಸಿಗುತ್ತೆ, ಅಂಗಡಿ ಕಾರ್ಡಲ್ಲಿರೋ ಸೇಬಿನ ಬಗ್ಗೆ ಯಾರೂ ಏನೂ ಕೇಳಲ್ಲ.

ಧಾರವಾಡದಿಂದ:
ತಂಗಿ, ಪಾಠದ ಬಗ್ಗೆ ಅಕ್ಕಾರು ಭಾಳ ಚಲೋ ಹೇಳ್ಯಾರ, ನಾ ಕಾಗದಪತ್ರದ್ದು ಹೇಳ್ತೀನಿ. ವಿಯೆಟ್ನಾಂದವ್ರು 2023ರ ಆಗಸ್ಟಿನಿಂದ ಇ-ವೀಸಾ 90 ದಿನದ ತನಕ ಕೊಡಾಕತ್ತಾರ, ಸಿಂಗಲ್ ಎಂಟ್ರಿಗೆ 25 ಡಾಲರ್. ಸರ್ಕಾರದ ಸೈಟಿನ್ಯಾಗ ಅಷ್ಟ ಅರ್ಜಿ ಹಾಕು, ಅದರಂಗ ಕಾಣೂ ಏಜೆಂಟರ ಸೈಟು ರಗಡ ಅದಾವು. ನಿಮ್ಮ ಕಡೆ ಅಡ್ಡಹೆಸರು ಇರಂಗಿಲ್ಲ, ಬರೇ ಇನಿಷಿಯಲ್, ಪಾಸ್‌ಪೋರ್ಟಿನ್ಯಾಗ ಅದನ್ನ ಹೆಂಗ ಬಿಡಿಸಿ ಬರದಾರ ನೋಡ್ಕೋ, ವೀಸಾ, ಟಿಕೆಟ್ ಎರಡರಾಗೂ ಅಕ್ಷರಕ್ಕ ಅಕ್ಷರ ಅದ ಇರಬೇಕು. ಎಲ್ಲಾಕಿಂತ ಮುಖ್ಯ, ಟೂರಿಸ್ಟ್ ವೀಸಾದ ಮ್ಯಾಲ ಕೆಲಸ ಮಾಡೂದು ಕಾನೂನಿಗೆ ವಿರುದ್ಧ, ಪಗಾರ ಇಲ್ಲ ಅಂದ್ರೂ ಪ್ರಶ್ನೆ ಬರಬಹುದು. ಯಾವ ವೀಸಾ ಬೇಕು, ಉಳಿಯೂದು ಎಲ್ಲೆ, ಕಟ್ಟಿಸ್ಕೊಂಡ ಫೀಸು ಯಾವುದಕ್ಕ ಹೋಗ್ತದ, ಇಷ್ಟನ್ನೂ ಕರೆಸೂ ಸಂಸ್ಥೆ ಕಡೆಯಿಂದ ಈಮೇಲಿನ್ಯಾಗ ಬರೆಸ್ಕೋ. ಫೋನಿನ್ಯಾಗ ಹೇಳಿದ್ದಕ್ಕ ಕಿಮ್ಮತ್ತಿಲ್ಲ. ಮನಿಯಾಗ ಇದ್ದಾಗ ಅಪ್ಪ ಅವ್ವನ್ನ ಬಾಜೂಕ ಕುಂದರಿಸ್ಕೊಂಡು ಈ ಕೆಲಸ ಮಾಡು, ಅರ್ಧ ಹೆದರಿಕಿ ಅಲ್ಲೇ ಹೋಗ್ತದ.

ಸರ್ಕಾರಿ ಶಾಲೆ ಟೀಚರ್, ಹುಣಸೂರು:
ಮಗಳೇ, ನಮ್ಮ ನಲಿಕಲಿ ಕಾರ್ಡುಗಳನ್ನ ಒಂದ್ಸಲ ನೋಡಮ್ಮ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾಗಿದ್ದು ಅದು. ಮಕ್ಕಳು ತರಗತಿ ಪ್ರಕಾರ ಅಲ್ಲ, ಕಲಿತ ಮಟ್ಟದ ಪ್ರಕಾರ ಗುಂಪಾಗಿ ಕೂತು, ಹಾಡು, ಆಟ, ಕಾರ್ಡು ಹಿಡ್ಕೊಂಡು ತಮ್ಮ ವೇಗದಲ್ಲಿ ಮುಂದೆ ಹೋಗ್ತಾರೆ. ಬೇಸಿಗೆ ಕ್ಲಾಸಿಗೆ ಆರು ವರ್ಷದವರೂ ಹನ್ನೆರಡು ವರ್ಷದವರೂ ಒಟ್ಟಿಗೇ ಬಂದ್ರೆ ನಿಂಗೆ ಬೇಕಾಗೋದು ಅದೇ ಕ್ರಮ. ನಿಮ್ಮೂರ ಶಾಲೆ ಮೇಷ್ಟ್ರನ್ನ ಕೇಳು, ರಜೆ ಇದ್ರೂ ಸಂತೋಷವಾಗಿ ತೋರಿಸ್ತಾರೆ. ಹತ್ತಿರ ಎಲ್ಲಾದ್ರೂ ಮಕ್ಕಳ ಬೇಸಿಗೆ ಶಿಬಿರ ನಡೀತಿದ್ರೆ ಸಹಾಯಕ್ಕೆ ಬರ್ತೀನಿ ಅಂತ ಹೋಗು.

ಅಜ್ಜಿ ವಿಷಯಕ್ಕೆ ಒಂದು ಮಾತು. ಸಮಾಧಾನ ಮಾಡೋಕೆ ಹೋಗ್ಬೇಡ, ಅವರ ಹತ್ರ ಚೆನ್ನೆಮಣೆ ಕಲಿ. ವಿಯೆಟ್ನಾಂನಲ್ಲಿ 'ಓ ಆನ್ ಕ್ವಾನ್' ಅಂತ ಆಟ ಇದೆ, ನೆಲದ ಮೇಲೆ ಎರಡು ಸಾಲು ಮನೆ ಗೀಚಿ, ಎರಡು ತುದೀಲಿ ದೊಡ್ಡ ಮನೆ ಬರೆದು, ಕಲ್ಲು ಹಂಚ್ತಾ ಹೋಗೋದು, ಥೇಟ್ ನಮ್ಮದರ ದಾಯಾದಿ. ನಿನ್ನ ಆಟ ಅಲ್ಲಿನ ಮಕ್ಕಳಿಗೆ, ಅವರದ್ದು ನಿಂಗೆ. ಅಜ್ಜಿಗೂ ತಾನೇ ಏನೋ ಕೊಟ್ಟು ಕಳಿಸ್ದೆ ಅನ್ನೋ ತೃಪ್ತಿ ಇರುತ್ತೆ.

ತೀರ್ಥಹಳ್ಳಿ ಹುಡುಗಿ:
ಎಲ್ರಿಗೂ ತುಂಬಾ ಥ್ಯಾಂಕ್ಸ್, ಓ ಆನ್ ಕ್ವಾನ್ ವಿಷ್ಯ ಹೇಳಿದ ತಕ್ಷಣ ಅಜ್ಜಿ ಅಟ್ಟದಿಂದ ಮಣೆ ತೆಗೆಸಿದ್ರು! ಊಟದ್ದೊಂದು ಹೇಳಿ, ನಾವು ಸಸ್ಯಾಹಾರಿ.

ಮೈಸೂರಿನ ಅಕ್ಕ:
ಬೋರ್ಡ್ ಮೇಲೆ 'ಚಾಯ್' ಅಂತಿರೋ ಹೋಟೆಲ್ ಹುಡ್ಕು, ಅದು ಬೌದ್ಧರ ಸಸ್ಯಾಹಾರಿ ಊಟ. ಚಾಂದ್ರಮಾನದ 1 ಮತ್ತು 15ನೇ ದಿನ ತುಂಬಾ ಜನ ಅದನ್ನೇ ತಿಂತಾರೆ. ಬೇರೆ ಕಡೆ ಬರೀ ತರಕಾರಿ ಅಂದ್ರೂ ಮೀನಿನ ಸಾಸ್ ಬಿದ್ದಿರುತ್ತೆ, 'ಫೋ' ಅನ್ನೋ ಅಲ್ಲಿನ ನೂಡಲ್ಸ್ ಸೂಪಿಗೆ ಸಾಮಾನ್ಯವಾಗಿ ದನದ ಮೂಳೆ ಇಲ್ಲಾ ಕೋಳಿ ಬೇಯಿಸಿದ ನೀರು. ಅಕ್ಕಿ, ಸೊಪ್ಪು, ತೋಫು ಎಲ್ಲಾ ಧಾರಾಳ ಸಿಗುತ್ತೆ, ಬೇಕಾಗೋದು ಸಾರಿನಪುಡಿ, ಚಟ್ನಿಪುಡಿ, ಸ್ವಲ್ಪ ಹುಣಸೆಹಣ್ಣು. ಉಪ್ಪಿನಕಾಯಿ ಜಾಡಿ ಬೇಡ, ಎಣ್ಣೆ ಸೋರಿದ್ರೆ ಬಟ್ಟೆ ಕೆಡುತ್ತೆ. ಈಗಿಂದ್ಲೇ ವಾರಕ್ಕೆ ಒಂದೆರಡು ದಿನ ಅಮ್ಮನ್ನ ಕೂರಿಸಿ ನೀನೇ ಅಡುಗೆ ಮಾಡು, ಒಂದೇ ಒಲೇಲಿ, ಒಂದೇ ಪಾತ್ರೇಲಿ. ಫೋನ್ ಮಾಡೋ ಹೊತ್ತೂ ಗೊತ್ತುಮಾಡ್ಕೊಳ್ಳಿ, ಅಲ್ಲಿ ನಮಗಿಂತ ಒಂದೂವರೆ ಗಂಟೆ ಮುಂದೆ, ನಿಮ್ಮನೇಲಿ ರಾತ್ರಿ ಎಂಟಾದ್ರೆ ನಿಂಗೆ ಒಂಬತ್ತೂವರೆ.