ಸಿಮೆಂಟ್ ಫಲಕವೋ, ಹಲಗೆಯೋ, ತಡಿಕೆಯೋ?

ಗೋಡೆಗೆ ಬಳಸುವ ಹಗುರ ಸಿಮೆಂಟ್ ಪ್ಯಾನೆಲ್‌ಗಳ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಓದುವವರು ಅವನ್ನು ಎತ್ತಿ ನಿಲ್ಲಿಸುವ ಕೆಲಸಗಾರರು. ಮೊದಲ ಸಾಲಲ್ಲೇ ಸಿಕ್ಕಿಹಾಕಿಕೊಂಡೆ. 'ಹಗುರ ಬಲವರ್ಧಿತ ಸಿಮೆಂಟ್ ಫಲಕ' ಎಂದು ಬರೆದು ಓದಿದರೆ ನನಗೇ ನಗು ಬಂತು. ಫಲಕ ಅಂದರೆ ಈಗ ಹೆಸರು ಬರೆದು ತೂಗುಹಾಕುವ ಬೋರ್ಡು. ಇಂಗ್ಲಿಷಿನ 'ರೀಇನ್‌ಫೋರ್ಸ್ಡ್'ಗೆ (ಒಳಗೆ ಕಂಬಿ, ಜಾಲರಿ ಇಟ್ಟು ಗಟ್ಟಿ ಮಾಡಿದ್ದಕ್ಕೆ) ಬಲವರ್ಧಿತ ಅಂದರೆ ಸಿಮೆಂಟಿಗೆ ಟಾನಿಕ್ ಕುಡಿಸಿದ ಹಾಗೆ. ಅದಕ್ಕೇ ಇರುವ ಇನ್ನೊಂದು ಪದ 'ಪ್ರಬಲಿತ' ಇನ್ನೂ ದೂರ.

ಒಳಗೆ ಏನಿದೆ ಎಂದು ಹೇಳಿಬಿಟ್ಟರೆ ಸಾಲದೇ? ಸಿಮೆಂಟು ಅದುಮಿದರೆ ತಡೆಯುತ್ತದೆ, ಎಳೆದರೆ ಬಿರುಕು ಬಿಡುತ್ತದೆ. ಆ ಎಳೆತಕ್ಕಾಗಿ ಕೆಲವದರಲ್ಲಿ ಕಬ್ಬಿಣದ ಕಂಬಿ, ಕೆಲವದರಲ್ಲಿ ತಂತಿ ಜಾಲರಿ, ಇನ್ನು ಕೆಲವದರಲ್ಲಿ ಗಾಜಿನ ನಾರು ಇರುತ್ತದೆ. ಹಾಗಾಗಿ ಕಂಬಿ ಹಲಗೆ, ಜಾಲರಿ ಹಲಗೆ, ನಾರು ಹಲಗೆ. 'ಹಲಗೆ' ಮರದ್ದೇ ಆಗಬೇಕೆಂದಿಲ್ಲ, ಅಲ್ವಾ? ಹಳಗನ್ನಡದ 'ಪಲಗೆ'ಗೆ ಗುರಾಣಿ ಎಂಬ ಅರ್ಥವೂ ಇತ್ತು. ಬಾರಿಸುವ ಹಲಗೆಯಂತೂ ಚರ್ಮದ್ದು.

'ಹಗುರ'ದ್ದು ಬೇರೆ ತಲೆನೋವು. ಮಾಮೂಲಿ ಕಾಂಕ್ರೀಟು ಘನ ಮೀಟರಿಗೆ ಸುಮಾರು 2,400 ಕೆಜಿ ತೂಗುತ್ತದೆ. ಗಾಳಿಗುಳ್ಳೆ ತುಂಬಿದ ಕಾಂಕ್ರೀಟು 400ರಿಂದ 800 ಕೆಜಿ, ನೀರಲ್ಲಿ ಹಾಕಿದರೆ ತೇಲುತ್ತದೆ. ಇದು ನಿಜವಾಗಿ ಹಗುರ. ಜಾಲರಿ ಹಲಗೆಯ ಗಾರೆ ಹಗುರವೇನಲ್ಲ, ಹಲಗೆ ತೆಳ್ಳಗಿರುವುದರಿಂದ ಹೊರೆ ಕಡಿಮೆ, ಅಷ್ಟೇ. ಎರಡಕ್ಕೂ ಒಂದೇ ಪದ ಹಾಕಿದರೆ ಎತ್ತುವವನಿಗೆ ಮೋಸ. ಮೊದಲನೆಯದಕ್ಕೆ 'ಹಗುರ', ಎರಡನೆಯದಕ್ಕೆ 'ತೆಳು' ಎಂದು ಬೇರ್ಪಡಿಸಿದ್ದೇನೆ.

ಈ ತೆಳು ಜಾಲರಿ ಹಲಗೆಗೆ ನನ್ನ ಮನಸ್ಸು ಎಳೆಯುತ್ತಿರುವುದು 'ತಡಿಕೆ'ಯ ಕಡೆಗೆ. ಬಿದಿರಿನ ದಬ್ಬೆ ಹೆಣೆದು ಮಣ್ಣು ಮೆತ್ತಿದರೆ ತಡಿಕೆ ಗೋಡೆ. ತಂತಿ ಹೆಣೆದು ಸಿಮೆಂಟ್ ಗಾರೆ ಮೆತ್ತಿದರೆ ಫೆರೋಸಿಮೆಂಟು. ಕೆಲಸ ಅದೇ, ಸಾಮಾನು ಬೇರೆ. ಫ್ರಾನ್ಸಿನ ಲ್ಯಾಂಬೊ ಹೀಗೆಯೇ ದೋಣಿ ಮಾಡಿ 1855ರಲ್ಲಿ ಪೇಟೆಂಟ್ ಪಡೆದ. ಅವನಿಟ್ಟ ಹೆಸರೂ ಸುಮ್ನೆ ಕಬ್ಬಿಣ, ಸಿಮೆಂಟು ಎರಡನ್ನೂ ಜೋಡಿಸಿದ್ದು. ಹಾಗಾದರೆ ನಾವು 'ಸಿಮೆಂಟ್ ತಡಿಕೆ' ಎನ್ನಬಾರದೇಕೆ?

ಗೆಳೆಯರೊಬ್ಬರ ತಕರಾರು: ತಡಿಕೆ ಅಂದರೆ ಗುಡಿಸಲಿನ ನೆನಪು, ಒದ್ದರೆ ಬೀಳುತ್ತದೆ ಎಂಬ ಭಾವ. ಮಾರುವವರಿಗೆ ಅದು ಸರಿಹೋಗಲಿಕ್ಕಿಲ್ಲ. ನನ್ನ ಓದುಗರು ಕಟ್ಟುವವರು.

ನನ್ನ ಅನುಮಾನ ಬೇರೆ. ನಿಮ್ಮ ಬಳಕೆಯಲ್ಲಿ ತಡಿಕೆ ಅಂದರೆ ಬರೀ ಹೆಣಿಗೆಯೋ, ಮಣ್ಣು ಮೆತ್ತಿದ ಮೇಲೂ ಅದು ತಡಿಕೆಯೋ? ಬರೀ ಹೆಣಿಗೆಯಾದರೆ ಆ ಪದವನ್ನು ಒಳಗಿನ ಜಾಲರಿಗೆ ಬಿಟ್ಟು, ನಾನು ಹಲಗೆಗೇ ಮರಳಬೇಕು.