ಕಾಫಿ ನಮ್ಮದು, ರೇಟು ಲಂಡನ್‌ದು. ಯಾಕೆ ಹೀಗೆ?

ತೋಟದ ಹುಡುಗ: ಮೂಡಿಗೆರೆ ಹತ್ತಿರ ನಮ್ಮದು ರೋಬಸ್ಟಾ ಜಾತಿಯ ಕಾಫಿ ತೋಟ. ಮಳೆ ಇಲ್ಲಿಯದು, ಕೂಲಿ ಇಲ್ಲಿಯದು. ರೇಟು ಮಾತ್ರ ರೋಬಸ್ಟಾ ವಾಯಿದೆ ವ್ಯಾಪಾರ ನಡೆಯುವ ಲಂಡನ್ ಮಾರ್ಕೆಟ್ ನೋಡಿ ಹೇಳುತ್ತಾರೆ. ಮೊದಲಿಂದಲೂ ಹೀಗೇನಾ? ಎಲ್ಲ ದೇಶದ್ದೂ ಇದೇ ಪಾಡಾ?

ಹಳೇ ಬೆಳೆಗಾರ: ಇಲ್ಲಪ್ಪ. 1962ರಲ್ಲಿ ಅಂತಾರಾಷ್ಟ್ರೀಯ ಕಾಫಿ ಒಪ್ಪಂದ ಆಯಿತು. ಬೆಲೆ ತೀರಾ ಕುಸಿಯದಿರಲಿ ಅಂತ ಒಂದೊಂದು ದೇಶಕ್ಕೂ ಇಷ್ಟೇ ರಫ್ತು ಮಾಡಬೇಕು ಅಂತ ಕೋಟಾ ಇಟ್ಟರು. ಕೊಳ್ಳುವ ಅಮೆರಿಕವೂ ಒಪ್ಪಿತು. ಪ್ರೀತಿಯಿಂದಲ್ಲ! ಲ್ಯಾಟಿನ್ ಅಮೆರಿಕ ಬಡವಾದರೆ ಕ್ಯೂಬಾದಂತೆ ಕಮ್ಯುನಿಸ್ಟ್ ದಾರಿ ಹಿಡಿದೀತು ಅನ್ನುವ ಭಯ. 1989ರ ಹೊತ್ತಿಗೆ ಶೀತಲ ಸಮರ ಮುಗಿಯುತ್ತಾ ಬಂದಿತ್ತು. ಆ ಜುಲೈನಲ್ಲಿ ಕೋಟಾ ಹೋಯಿತು, ಬೆಲೆ ಧಡ್ ಅಂತ ಬಿತ್ತು. ರಫ್ತಿಗೆ ಹೆಚ್ಚಾಗಿ ಕಾಫಿಯನ್ನೇ ನೆಚ್ಚಿದ್ದ ರುವಾಂಡಾಕ್ಕೆ ದೊಡ್ಡ ಪೆಟ್ಟು. ಅತ್ತ ವಿಯೆಟ್ನಾಂ ತನ್ನ ಮಧ್ಯದ ಗುಡ್ಡಗಾಡಿನಲ್ಲಿ ಸಿಕ್ಕಾಪಟ್ಟೆ ರೋಬಸ್ಟಾ ನೆಟ್ಟು, 2000ದ ಹೊತ್ತಿಗೆ ಕಾಫಿಯಲ್ಲಿ ಮೊದಲ ಸ್ಥಾನದ ಬ್ರೆಜಿಲ್ ಬೆನ್ನ ಹಿಂದೆ ಬಂದು ನಿಂತಿತು. ನಮ್ಮಲ್ಲೂ ಮೊದಲು ಬೆಳೆಯನ್ನು ಸರ್ಕಾರದ ಕಾಫಿ ಬೋರ್ಡಿಗೇ ಕೊಡಬೇಕಿತ್ತು. 1996ರಿಂದ ಮಾರಾಟ ಪೂರ್ತಿ ಮುಕ್ತ.

ಬೆಲ್ಜಿಯಂ ಕನ್ನಡತಿ: ಈಗ ಬ್ರಸೆಲ್ಸ್ ಕೂಡ ಸೇರಿಕೊಂಡಿದೆ. ಯುರೋಪ್ ಒಕ್ಕೂಟದ 2023ರ ಕಾನೂನಿನಂತೆ, 2020ರ ನಂತರ ಕಾಡು ಕಡಿದ ಜಾಗದ ಕಾಫಿಗೆ ಪ್ರವೇಶವಿಲ್ಲ. ತೋಟ ಎಲ್ಲಿದೆ ಅಂತ ಜಿಪಿಎಸ್ ಗುರುತು ಬೇಕು. ಜಾರಿ ಮುಂದಕ್ಕೆ ಹೋಗುತ್ತಲೇ ಇದೆ, ಅದು ಬೇರೆ ಮಾತು. ಬ್ರೆಜಿಲ್‌ನ ದೊಡ್ಡ ಎಸ್ಟೇಟಿಗೆ ಇದು ಸಲೀಸು. ಇಥಿಯೋಪಿಯಾದ ತುಂಡು ಜಮೀನಿನ ರೈತ ಏನು ಮಾಡಬೇಕು?

ತೋಟದ ಹುಡುಗ: ಕಾಡು ಉಳಿಯಲಿ, ತಕರಾರಿಲ್ಲ. ಆದರೆ ದಾಖಲೆ ಖರ್ಚು ಕೊಳ್ಳುವವರು ಕೊಡುತ್ತಾರಾ? ನಮ್ಮ ಪಹಣಿ ಇನ್ನೂ ಅಜ್ಜನ ಹೆಸರಲ್ಲೇ ಇದೆ ಮೇಡಂ.