ಸಹಾಯ ಬೇಕು: ಕಡಲಿಗೆ ಮುಖಮಾಡಿದ ಬಾಲ್ಕನಿಯ ಕಾಂಕ್ರೀಟ್ ಉದುರುತ್ತಿದೆ

ಸಮುದ್ರ ಕಾಣುವ ಬಾಲ್ಕನಿ ರಜೆಗೆ ಬಂದವರಿಗೆ ಚಂದ. ವರ್ಷವಿಡೀ ಇರುವವರಿಗೆ ಅದು ಉಪ್ಪುಗಾಳಿಯ ಬಾಗಿಲು. ಏಸಿಯ ಹೊರಗಿನ ಯೂನಿಟ್ಟನ್ನು ಆಗಾಗ ಸಿಹಿನೀರಿನಲ್ಲಿ ತೊಳೆಯುವುದು, 304 ದರ್ಜೆಯ ಬದಲು 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನ ಸ್ಕ್ರೂ ಹಾಕುವುದು (ಅದರಲ್ಲಿ 2–3% ಮಾಲಿಬ್ಡಿನಂ ಇದೆ, ಉಪ್ಪನ್ನು ಹೆಚ್ಚು ತಡೆಯುತ್ತದೆ) ಇವೆಲ್ಲ ಆಗಿದೆ.

ತಲೆನೋವು ಸ್ಲ್ಯಾಬಿನದು. ಉಪ್ಪಿನಲ್ಲಿರುವ ಕ್ಲೋರೈಡ್ ಒಳಗಿನ ಕಂಬಿ ಮುಟ್ಟಿ, ತುಕ್ಕು ಉಬ್ಬಿ, ಕಾಂಕ್ರೀಟ್ ಚಕ್ಕೆಚಕ್ಕೆಯಾಗಿ ಕಳಚುತ್ತಿದೆ. ಬರೀ ಗಾರೆ ಮೆತ್ತಿ ಬಣ್ಣ ಬಳಿದರೆ ತೇಪೆಯ ಅಂಚಿನ ಹಳೆಯ ಕಾಂಕ್ರೀಟಿನಲ್ಲಿ ಉಪ್ಪು ಉಳಿದು ಅಲ್ಲೇ ಮತ್ತೆ ತುಕ್ಕು ಶುರು. ಹಾಗಾಗಿ ಕೆಳಗೆ ಜಾಕ್ ಕೊಟ್ಟು, ಕಂಬಿಯ ಹಿಂದೆ ಸುಮಾರು 20 ಮಿ.ಮೀ. ಕೆತ್ತಿ, ಕಂಬಿ ಹೊಳೆಯುವಷ್ಟು ತಿಕ್ಕಿ, ಪಾಲಿಮರ್ ಬೆರೆಸಿದ ಗಾರೆ ತುಂಬುವ ಯೋಚನೆ.

ತೇಪೆಯ ಅಂಚಿಗೆ ಸತುವಿನ ಆನೋಡ್ (ಕಂಬಿಯ ಬದಲು ತಾನು ಸವೆದು ಅದನ್ನು ಕಾಯುವ ಸತುವಿನ ತುಂಡು) ಕಟ್ಟಿದವರಿದ್ದೀರಾ? ಎಷ್ಟು ಅಂತರಕ್ಕೊಂದು? ಯಾವ ಗಾರೆ ಅದಕ್ಕೆ ಅಡ್ಡಿಯಾಗುವುದಿಲ್ಲ?